ಕೌದಿಯ ಪಾಲಿನ ರೊಟ್ಟಿ

ನಮ್ಮ ದೊಡ್ಡವ್ವನಿಗೆ ನಲವತ್ತು ಸಾವಿರ ಜನ ನೆಂಟರಿದ್ದಾರೆ. ಅವರಲ್ಲಿ ಹತ್ತು ಹನ್ನೆರಡು ಜನರನ್ನು ಬಿಟ್ಟರೆ ಯಾರ ಮುಖವನ್ನೂ ಆಕೆ ನೋಡಿಲ್ಲ! ನೀವು ನಂಬುವುದಿಲ್ಲ ಎಂದು ಗೊತ್ತು. ಹರಿಹರದ ತವರಿನ ನಲವತ್ತು ಜನ ನೆಂಟರನ್ನೇ ಸಂಭಾಳಿಸಲಾರದೆ ಒದ್ದಾಡುವ ನನ್ನ ಹೆಂಡತಿಯೂ ಮೊದಲು ನಂಬಿರಲಿಲ್ಲ. ಆದರೆ ದೊಡ್ಡವ್ವನ ಲೆಕ್ಕ ಬಹಳ ಸರಳ. ಮೊಬೈಲಿನಲ್ಲಿ ನಮ್ಮ ಮನೆಯೊಳಗೆ ಇಣುಕಿದವರೆಲ್ಲ ಮನೆಗೆ ಬಂದವರು. ಮನೆಗೆ ಬಂದವರೆಲ್ಲ ನೆಂಟರು. ಮುಗಿಯಿತು.

ಹದಡಿಯಲ್ಲಿ ಹೊಲಮನೆ ನೋಡಿಕೊಂಡಿರುವ ಅಣ್ಣ, ಅಂದರೆ ದೊಡ್ಡವ್ವನ ಮಗ, ಎರಡು ವರ್ಷದ ಹಿಂದೆ ಯೂಟ್ಯೂಬಿನಲ್ಲಿ ಒಂದು ಚಾನೆಲ್ ತೆರೆದ. ಹೊಲದ ಕೆಲಸ, ಅವ್ವನ ಅಡುಗೆ, ಅವ್ವ ಹೊಲಿಯುವ ಕೌದಿ, ಇಷ್ಟೇ ಸರಕು. ನಾನು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ವ್ಯಾಪಾರ ಬಲ್ಲವನೆಂಬ ಭ್ರಮೆಯಲ್ಲಿ ಚಾನೆಲ್ಲಿನ ಮ್ಯಾನೇಜರ್ ಪದವಿಯನ್ನು ನಾನೇ ವಹಿಸಿಕೊಂಡೆ. ಸಂಬಳವಿಲ್ಲದ ಪದವಿಗೆ ಯಾರು ತಾನೇ ಅಡ್ಡ ಬರುತ್ತಾರೆ?

ಹಳ್ಳಿ ಹಳ್ಳಿಯ ಹಾಗೆಯೇ ಕಾಣಬೇಕು ಎಂಬುದು ನನ್ನ ಮೊದಲ ಅಪ್ಪಣೆ. ಆ ಕ್ಷಣವೇ ಮಿಕ್ಸಿ ಮಂಚದ ಕೆಳಗೆ ಹೋಯಿತು. ಫ್ರಿಜ್ಜಿಗೆ ಸೀರೆ ಹೊದಿಸಿದೆವು. ಟ್ರ್ಯಾಕ್ಟರನ್ನು ಕೊಟ್ಟಿಗೆಯ ಹಿಂದೆ ಬಚ್ಚಿಟ್ಟು, ಪಕ್ಕದ ಮನೆಯವರ ಎತ್ತುಗಳನ್ನು ಬೇಡಿ ತಂದೆವು. ಅವು ಅಣ್ಣನ ಮುಖವನ್ನೊಮ್ಮೆ ನೋಡಿ, ವಿಡಿಯೋ ನಡೆಯುತ್ತಿರುವಾಗಲೇ ತಮ್ಮ ಮನೆಗೆ ಹೊರಟುಹೋದವು. ನನ್ನ ಅಂಗಡಿಯಿಂದಲೇ ಒಂದು ಹಿತ್ತಾಳೆ ಕೊಡ ತಂದು, ಇದು ನಮ್ಮ ಮುತ್ತಜ್ಜಿಯ ಕಾಲದ್ದು ಎಂದು ಭಕ್ತಿಯಿಂದ ತೋರಿಸಿದೆವು. ಮುತ್ತಜ್ಜಿಯ ಕಾಲದಲ್ಲೂ ಬೆಲೆಯ ಚೀಟಿ ಅಂಟಿಸುತ್ತಿದ್ದರೇ ಎಂದು ಯಾರೋ ಪುಣ್ಯಾತ್ಮ ಕೆಳಗೆ ಬರೆದಿದ್ದ!

ನಮ್ಮ ಈ ನಾಟಕದ ಗೊಡವೆ ದೊಡ್ಡವ್ವನಿಗೆ ಇರಲೇ ಇಲ್ಲ. ಕ್ಯಾಮೆರಾ ಕಂಡರೆ ಸಾಕು, ತಲೆಯ ಮೇಲೆ ಸೆರಗು ಎಳೆದುಕೊಂಡು, "ಬರ್ರಿ, ಕೂಡ್ರಿ" ಎನ್ನುತ್ತಿದ್ದಳು. ಅಷ್ಟಕ್ಕೇ ಬಿಡುತ್ತಿದ್ದಳೇ? ಒಂದು ಚೊಂಬು ನೀರು ತಂದು ಮೊಬೈಲ್ ಸ್ಟ್ಯಾಂಡಿನ ಮುಂದೆ ಇಡುತ್ತಿದ್ದಳು. ರೊಟ್ಟಿಯ ವಿಡಿಯೋ ಮಾಡುವ ದಿನ ಅಣ್ಣ ಐದು ರೊಟ್ಟಿ ಸಾಕು ಎಂದಿದ್ದ. ನೋಡುವವರು ಎಷ್ಟು ಜನ ಎಂದು ವಿಚಾರಿಸಿದಳು. ಸಾವಿರಗಟ್ಟಲೆ ಎಂದು ಅಣ್ಣ ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಹಿಟ್ಟಿನ ಡಬ್ಬಿಯನ್ನೇ ಬೋರಲು ಹಾಕಿದಳು. ಅವತ್ತು ಇಡೀ ಓಣಿಗೆ ನಮ್ಮ ಮನೆಯದೇ ರೊಟ್ಟಿ.

ಮಾಡಿದ ಎಣ್ಣೆಗಾಯಿಯನ್ನು ರುಚಿ ನೋಡಿ ಒಮ್ಮೆ ತಲೆದೂಗು, ಎಲ್ಲ ಅಡುಗೆ ಚಾನೆಲ್ಲಿನವರೂ ಹಾಗೇ ಮಾಡುತ್ತಾರೆ ಎಂದು ನಾನು ಗೋಗರೆದೆ. ಬಂದವರನ್ನು ಎದುರಿಗೆ ಕೂರಿಸಿಕೊಂಡು ಮನೆಯವರು ಮೊದಲು ಬಾಯಿಗೆ ಹಾಕುವುದೇ? ಆಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮಾಡಿದವರೇ ರುಚಿ ನೋಡದ ಅಡುಗೆ ಚಾನೆಲ್ ಭೂಮಂಡಲದಲ್ಲಿ ನಮ್ಮದೊಂದೇ ಇರಬೇಕು.

ಪ್ರತಿ ವಿಡಿಯೋದ ಕೊನೆಗೆ ಮನೆಗೆ ಬರಲು ಮರೆಯದೆ ಕರೆಯುತ್ತಿದ್ದಳು. ಒಂದು ಭಾನುವಾರ ಹರಿಹರದಿಂದ ಟೆಂಪೋ ಮಾಡಿಕೊಂಡು, ಚಾನೆಲ್ ನೋಡುವ ಹನ್ನೊಂದು ಜನ ಬಂದೇಬಿಟ್ಟರು! ಅಣ್ಣ ಬಾಗಿಲಲ್ಲೇ ಕಲ್ಲಾಗಿ ನಿಂತ. ದೊಡ್ಡವ್ವ ಮಾತ್ರ, ಕರೆದು ಆರು ತಿಂಗಳಾಯಿತು, ಈಗ ಬಂದಿರಾ ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡಳು. ಅವರಲ್ಲೊಬ್ಬ ಹಿರಿಯರು ಉಂಡು, ಪಡಸಾಲೆಯಲ್ಲಿ ಒಂದು ನಿದ್ದೆ ತೆಗೆದು, ಎದ್ದು ಚಹಾ ಕೇಳಿದರು. ಇದಕ್ಕಿಂತ ದೊಡ್ಡ ನೆಂಟಸ್ತನ ಇನ್ನೇನು ಬೇಕು?

ಇನ್ನು ಕೌದಿಯ ವಿಚಾರಕ್ಕೆ ಬರುತ್ತೇನೆ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿದ ಹೊದಿಕೆಯೇ ಕೌದಿ. ಕೊನೆಯ ಮೂಲೆ ಮುಚ್ಚುವ ಮೊದಲು ಉಗುರಿನಷ್ಟು ಒಣ ಜೋಳದ ರೊಟ್ಟಿಯನ್ನು ಒಳಗಿಟ್ಟು ಹೊಲಿಯುವುದು ನಮ್ಮ ಮನೆಯ ರೂಢಿ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆಯಂತೆ. ಹಸಿದವರಿಗೆ ಎಷ್ಟು ಬೆಚ್ಚಗೆ ಹೊದಿಸಿದರೇನು, ನಿದ್ದೆ ಬರುತ್ತದೆಯೇ?

ದೊಡ್ಡವ್ವನ ಕೌದಿಯನ್ನು ನೋಡಿ ಬೆಂಗಳೂರಿನ ಒಂದು ದೊಡ್ಡ ಅಂಗಡಿಯವರು ಹನ್ನೆರಡು ಬೇಕೆಂದು ನನಗೆ ಫೋನ್ ಮಾಡಿದರು. ನಾನು ನೆಲದ ಮೇಲೆ ಇರಲಿಲ್ಲ. ಆದರೆ ಅವರದೊಂದು ಷರತ್ತು. ಒಳಗೆ ರೊಟ್ಟಿ ಇಡಕೂಡದು. ಇರುವೆ ಬರುತ್ತದೆ, ಇಲಿ ಬರುತ್ತದೆ, ಗಿರಾಕಿಗಳು ಮುಖ ಸಿಂಡರಿಸುತ್ತಾರೆ.

ಇದನ್ನು ದೊಡ್ಡವ್ವನಿಗೆ ಹೇಳುವವರು ಯಾರು? ನನ್ನ ಅಂಗಡಿಯಲ್ಲಿ ಸಭೆ ಸೇರಿತು. ಥರ್ಮಾಕೋಲಿನ ರೊಟ್ಟಿ ಇಡೋಣ ಎಂದ ಅಣ್ಣ. ಬ್ಯಾಂಕಿನಿಂದ ನಿವೃತ್ತರಾದ ನನ್ನ ಮಾವನವರು, ರೊಟ್ಟಿಯ ಬದಲು ಒಂದು ರೂಪಾಯಿ ನಾಣ್ಯ ಇಡಿ, ಹಸಿವಾದಾಗ ಕೊಂಡು ತಿನ್ನಲಿ ಎಂದರು. ನಾನು ರೊಟ್ಟಿಯ ಚಿತ್ರವಿರುವ ಚೀಟಿ ಅಂಟಿಸುವ ಸಲಹೆ ಕೊಟ್ಟೆ. ಚೀಟಿ ಅಂಟಿಸುವುದು ನನ್ನ ಹುಟ್ಟುಗುಣವೆಂದು ಎಲ್ಲರೂ ನಕ್ಕರು. ಕೊನೆಗೆ ನಾನೇ ಹದಡಿಗೆ ಹೋಗಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ ವಿಷಯ ತೆಗೆದೆ. ದೊಡ್ಡವ್ವ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದಳು.

"ಅವರಿಗೆ ಬ್ಯಾಡಂದ್ರ ಬ್ಯಾಡ ಬಿಡಪ್ಪ. ಕೇಳಿ ಬಂದೋರ ಮನಸ್ಸು ಮುರೀಬಾರದು" ಎಂದಳು.

ಇಷ್ಟು ಸಲೀಸೇ! ದಾವಣಗೆರೆಗೆ ಹಿಂತಿರುಗಿ ಎಲ್ಲರಿಗೂ ಬೆಣ್ಣೆದೋಸೆ ಕೊಡಿಸಿದೆ. ನನ್ನ ಮಾತಿನ ಜಾಣ್ಮೆಯನ್ನು ಎರಡು ವಾರ ಕಂಡಕಂಡವರಿಗೆ ವರ್ಣಿಸಿದೆ. ಪಾತ್ರೆ ಕೊಳ್ಳಲು ಬಂದವರೂ ಕೇಳಿಸಿಕೊಂಡೇ ಹೋಗಬೇಕಾಯಿತು.

ಮೂರು ತಿಂಗಳ ಮೇಲೆ ಏಳನೆಯ ಕೌದಿ ಮುಗಿಯಿತೆಂದು ತಿಳಿದು, ಅಷ್ಟನ್ನೂ ಒಯ್ಯಲು ಚೀಲ ಹಿಡಿದುಕೊಂಡು ಹೋದ ದಿನ ಮಧ್ಯಾಹ್ನವಾಗಿತ್ತು. ಅತ್ತಿಗೆ ನನಗೂ ಅಣ್ಣನಿಗೂ ತಟ್ಟೆ ಇಟ್ಟಳು. ದೊಡ್ಡವ್ವನನ್ನೂ ಕರಿ ಎಂದೆ. ಅತ್ತಿಗೆ ಒಮ್ಮೆ ಪಡಸಾಲೆಯ ಕಡೆ ನೋಡಿ, ದನಿ ತಗ್ಗಿಸಿದಳು.

"ಕೌದಿ ಮೂಲಿ ಮುಚ್ಚಿದ ದಿನ ಅತ್ತಿ ಉಣ್ಣಂಗಿಲ್ಲ. ಏಳು ಕೌದಿ ಆತು, ಏಳು ದಿನ ಉಪಾಸ ಆತು. ಶುಗರ್ ಬ್ಯಾರೆ ಐತೆ. ಹೇಳಿದ್ರ ಕೇಳಲ್ಲ, ನಿಮಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

ತಟ್ಟೆ ಬಿಟ್ಟು ಎದ್ದೆ. ದೊಡ್ಡವ್ವ ಏಳನೆಯ ಕೌದಿಯ ದಾರದ ತುದಿಗಳನ್ನು ಕತ್ತರಿಸುತ್ತ ಕುಳಿತಿದ್ದಳು. ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದೆ. ಸಿಕ್ಕಿಬಿದ್ದವಳ ಹಾಗೆ ಒಮ್ಮೆ ನಕ್ಕಳು. ಆಮೇಲೆ ಕೌದಿಯ ಮೇಲೆ ಕೈಯಾಡಿಸುತ್ತ ಹೇಳಿದಳು.

"ಇದನ್ನ ಹೊದ್ದುಕೊಳ್ಳೋರು ಯಾರೋ, ಎಲ್ಲಿಯೋರೋ. ಅವರ ಪಾಲಿಂದು ಒಳಗ ಇಡಾಕ ಆಗಲಿಲ್ಲ. ನನ್ನ ಪಾಲಿಂದಾರ ಬಿಡಬೇಕಲ್ಲಪ್ಪ."

ನನಗೆ ನಾಚಿಕೆಯಾಯಿತು. ಕ್ಯಾಮೆರಾ ಅಂದರೇನೆಂದು ಈಕೆಗೆ ತಿಳಿಯುವುದಿಲ್ಲ ಎಂದು ಎರಡು ವರ್ಷ ನಕ್ಕಿದ್ದೆವು. ಅದರ ಆಚೆ ಕಡೆ ಇರುವವರು ಹೊಟ್ಟೆ ಇರುವ ಮನುಷ್ಯರು ಎಂದು ತಿಳಿದಿದ್ದವಳು ನಮ್ಮ ಪೈಕಿ ಈಕೆ ಒಬ್ಬಳೇ. ನಾವು ಅವರನ್ನು ಎಣಿಸುತ್ತಿದ್ದೆವು, ಅಷ್ಟೇ.

ಅಂಗಳಕ್ಕೆ ಹೋಗಿ ಬೆಂಗಳೂರಿಗೆ ಫೋನ್ ಮಾಡಿದೆ. ಕೌದಿ ಬೇಕಿದ್ದರೆ ರೊಟ್ಟಿ ಇದ್ದದ್ದೇ ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂದೆ. ಕೇಳಿ ಹೇಳುತ್ತೇವೆ ಎಂದವರು ಇವತ್ತಿನವರೆಗೂ ಹೇಳಿಲ್ಲ. ಒಳಗೆ ಬಂದು ಬ್ಲೇಡ್ ತೆಗೆದುಕೊಂಡು ಮೊದಲನೆಯ ಕೌದಿಯ ಮೂಲೆ ಬಿಚ್ಚಿದೆ. ದೊಡ್ಡವ್ವ ಸೂಜಿಗೆ ದಾರ ಪೋಣಿಸಿದಳು. ಅಣ್ಣ ಒಣ ರೊಟ್ಟಿ ತಂದು ಮುರಿದು ಕೊಟ್ಟ. ನಾನು ಬಿಚ್ಚುತ್ತ ಹೋದೆ, ಆಕೆ ಒಂದೊಂದು ಚೂರು ಇಟ್ಟು ಹೊಲಿಯುತ್ತ ಬಂದಳು. ಏಳನೆಯದು ಮುಗಿಯುವಾಗ ಬಿಸಿಲು ಇಳಿದಿತ್ತು.

ಅತ್ತಿಗೆ ಮೊದಲು ದೊಡ್ಡವ್ವನ ತಟ್ಟೆಯನ್ನೇ ತಂದಿಟ್ಟಳು. ದೊಡ್ಡವ್ವ ಕೈ ತೊಳೆದು ಬಂದು ಕುಳಿತು, ರೊಟ್ಟಿ ಮುರಿದು, ಮೆಣಸಿನಕಾಯಿ ಚಟ್ನಿಗೆ ಅದ್ದಿ ಬಾಯಿಗಿಟ್ಟಳು. ಆಕೆ ಉಣ್ಣುವುದನ್ನು ನೋಡುತ್ತ ನನ್ನ ಕಣ್ಣಲ್ಲಿ ನೀರು ಬಂತು. ಚಟ್ನಿಯ ಖಾರದ ಮೇಲೆ ಹಾಕಿಬಿಡೋಣ ಎಂದರೆ, ನಾನಿನ್ನೂ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ.