ಓನರ್ ಅಜ್ಜಿಗೆ ತೋರಿಸಿದ ಫೋಟೋಗಳು

ಭಾನುವಾರ ಫೋಟೋ ತೆಗೆಯೋಣವೆಂದು ಸ್ಕೂಟರ್ ಹತ್ತಿದರೆ ಹಿಂದಿನ ಸೀಟಿನಲ್ಲಿ ಒಂದು ಎಡವಟ್ಟೂ ಹತ್ತಿ ಕೂರುತ್ತದೆ. ಬೇರೆಯವರಾದರೆ ಅರಮನೆ, ಕೆರೆ, ಹೂದೋಟ ಅಂತ ತೆಗೆಯುತ್ತಾರೆ. ನನಗೆ ಅವು ಬೇಡ. ಹಳೇ ಹೆಲ್ಮೆಟ್ಟಿನಲ್ಲಿ ನೆಟ್ಟ ತುಳಸಿ, ಟೆಕ್ ಪಾರ್ಕಿನ ಗಾಜಿನಲ್ಲಿ ಮುಖ ನೋಡಿಕೊಳ್ಳುವ ಎಮ್ಮೆ, ಇಂಥವೇ ಬೇಕು. ದಾವಣಗೆರೆ ಕಡೆಯವಳು ನಾನು. ಮಹದೇವಪುರದ ಕಂಪನಿಯೊಂದರಲ್ಲಿ ವಾರವಿಡೀ ಊರವರ ಸಂಬಳದ ಲೆಕ್ಕ ನೋಡಿ ಹೊಟ್ಟೆ ಉರಿಸಿಕೊಳ್ಳುವವಳಿಗೆ ಭಾನುವಾರ ಇಷ್ಟಾದರೂ ಬೇಡವೇ?

ತೆಗೆದ ಫೋಟೋಗಳನ್ನು ಸಂಜೆ ಆಸೆಯಿಂದ ನೋಡುವವರು ಒಬ್ಬರೇ, ಕೆಳಗಿನ ಮನೆಯ ಓನರ್ ಅಜ್ಜಿ. ಒಂದು ಕಾಲಕ್ಕೆ ಈ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ನಾಲ್ಕು ಅಂತಸ್ತಿನ ತುಂಬ ಬಾಡಿಗೆದಾರರನ್ನು ಬೆಳೆಯುತ್ತಾರೆ. ಎಲ್ಲ ನೋಡಿ ಮುಗಿದ ಮೇಲೆ ಅವರದು ಒಂದೇ ಪ್ರಶ್ನೆ: "ಚಿಕ್ಕಬಾಣಾವರದ ಕಡೀಕ್ ಓಗಿದ್ಯಾ?"

ಅಲ್ಲಿ ಅವರ ತಂಗಿ ಇದ್ದಾರೆ. ಅಜ್ಜಿಯ ಮಗನ ಮದುವೆಯಲ್ಲಿ ತಂಗಿ ಊಟಕ್ಕೆ ಕೂತಿದ್ದ ಹೊತ್ತಿಗೆ ಮನೆಯವರ ಗ್ರೂಪ್ ಫೋಟೋ ತೆಗೆದುಬಿಟ್ಟರಂತೆ. ಆಲ್ಬಂ ಬಂದಾಗ ಅದರಲ್ಲಿ ವಾಲಗದವರೂ ಇದ್ದರು, ಒಡಹುಟ್ಟಿದವಳು ಮಾತ್ರ ಇರಲಿಲ್ಲ. ಅವತ್ತು ನಿಂತ ಮಾತು ಇವತ್ತಿಗೂ ನಿಂತೇ ಇದೆ. ಸಾಯುವುದರೊಳಗೆ ಒಂದು ಸಲ ಅವಳು ಈ ಹೊಸಿಲು ದಾಟಿ ಒಳಗೆ ಬರಬೇಕು ಅನ್ನುವುದು ಅಜ್ಜಿಯ ಆಸೆ.

ಪೀಣ್ಯದ ಕುರ್ಚಿ

ಪೀಣ್ಯದ ಒಂದು ಲೇತ್ ಶಾಪಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯೊಂದು ಕಂಡಿತು. ಮುರಿದ ಕಾಲಿನ ಜಾಗಕ್ಕೆ ಸ್ಟೀಲಿನ ಕಾಲು ಕಡೆದು ಜೋಡಿಸಿದ್ದರು. ಏನು ನುಣುಪು, ಏನು ಹೊಳಪು! ಇಡೀ ಕುರ್ಚಿಗಿಂತ ಆ ಕಾಲೊಂದೇ ದುಬಾರಿ ಇದ್ದೀತು. ಮೊಬೈಲ್ ಎತ್ತುವಷ್ಟರಲ್ಲಿ ಮಾಲೀಕರು ಓಡಿ ಬಂದರು.

"ಒಂದ್ನಿಮಿಷ ಮೇಡಂ, ಒಂದೇ ನಿಮಿಷ!"

ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಹೊಸ ಕುರ್ಚಿಯ ಸಮೇತ ಬಂದರು. ಹಳೆಯದನ್ನು ಕಾಲಿನಿಂದ ಬದಿಗೆ ತಳ್ಳಿದರು.

"ಸಾರ್, ನನಗೆ ಆ ಕುರ್ಚೀನೇ ಬೇಕಿತ್ತು."

"ಅಯ್ಯೋ ಬಿಡಿ ಮೇಡಂ, ಮರ್ಯಾದೆ ಪ್ರಶ್ನೆ. ತೆಗೀರಿ, ನಗ್ಬೇಕಾ?"

ಬೇರೆ ದಾರಿ ಕಾಣದೆ ಅವರು ನಗುತ್ತಿರುವ ಫೋಟೋ ತೆಗೆದೆ. ಮುಂದಿನ ವಾರ ಕದ್ದಾದರೂ ತೆಗೆಯೋಣವೆಂದು ಹೋದರೆ ಕುರ್ಚಿಯನ್ನು ಗುಜರಿಗೆ ಹಾಕಿದ್ದರು. "ನೀವು ನೋಡಿದ್ಮೇಲೆ ನಂಗೇ ನಾಚ್ಕೆ ಆಗೋಯ್ತು ಮೇಡಂ" ಅಂದರು. ಮನಸ್ಸು ಪಿಚ್ಚೆಂದಿತು. ನನ್ನ ಕಣ್ಣು ಬೀಳದಿದ್ದರೆ ಆ ಕುರ್ಚಿ ಇನ್ನೂ ಹತ್ತು ವರ್ಷ ಬಾಳುತ್ತಿತ್ತು.

ಅಜ್ಜಿಗೆ ತೋರಿಸಲು ಉಳಿದಿದ್ದು ಕುಂಕುಮ ಇಟ್ಟುಕೊಂಡ ಮಾಲೀಕರು ಮಾತ್ರ. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಮದುವೆಯಾಗದ ನನ್ನ ಮುಖವನ್ನೂ ಒಮ್ಮೆ ನೋಡಿ ಹೇಳಿದರು: "ಗಂಡು ಪರವಾಗಿಲ್ಲ ಕಣವ್ವ. ವಯ್ಸು ವಸಿ ಜಾಸ್ತಿ ಆಯ್ತು."

ಮಾರತ್ತಹಳ್ಳಿಯ ದೃಷ್ಟಿ ಬೊಂಬೆ

ಹೊಸ ಕಟ್ಟಡಕ್ಕೆ ಕಣ್ಣು ತಾಗದಿರಲಿ ಅಂತ ಕಟ್ಟುವ ದೃಷ್ಟಿ ಬೊಂಬೆಗಳೆಂದರೆ ನನಗೆ ಪ್ರಾಣ. ಮಾರತ್ತಹಳ್ಳಿಯಲ್ಲಿ ಅರ್ಧ ಕಟ್ಟಿ, ಅರ್ಧಕ್ಕೆ ಆಗಲೇ ಪಿ.ಜಿ. ಮಾಡಿದ್ದ ಒಂದು ಬಿಲ್ಡಿಂಗಿನ ತುದಿಯಲ್ಲಿ ಅದ್ಭುತವಾದ ಬೊಂಬೆ ಕಂಡಿತು. ಕಂಪನಿಯ ಟೀ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಕೆದರಿದ ತಲೆ, ಒಂದು ಕೈ ಆಕಾಶಕ್ಕೆ. ಈ ಕಾಲಕ್ಕೆ ತಕ್ಕ ಬೊಂಬೆ ಅಂತ ಖುಷಿಯಾಗಿ ನಾಲ್ಕೈದು ಫೋಟೋ ತೆಗೆದೆ. ಐದನೆಯದಕ್ಕೆ ಬೊಂಬೆ ಕೈ ಬದಲಾಯಿಸಿತು.

ಪಾಪ, ಆ ಹುಡುಗ ನೆಟ್‌ವರ್ಕ್ ಹುಡುಕುತ್ತಿದ್ದ.

"ಆಂಟೀ, ಯಾಕೆ ಫೋಟೋ ತೆಗೀತಿದೀರಾ?" ಅಂತ ಮೇಲಿಂದಲೇ ಕೂಗಿದ.

ಆಂಟಿ ಅಂದದ್ದನ್ನು ನುಂಗಿಕೊಂಡು ನಿಜ ಹೇಳಿದೆ. "ಸಾರಿ ಕಣಪ್ಪ, ದೃಷ್ಟಿ ಬೊಂಬೆ ಅಂದ್ಕೊಂಡ್ಬಿಟ್ಟೆ."

ಅವನು ಇಳಿದು ಬಂದ. ಊರಿಗೆ ಹೋಗಿದ್ದೇನೆಂದು ಮ್ಯಾನೇಜರಿಗೆ ಹೇಳಿ ರಜೆ ಹಾಕಿದ್ದನಂತೆ. ಎಲ್ಲ ಫೋಟೋ ಅಳಿಸಿ ಅಂತ ಕೈ ಮುಗಿದ. ಒಂದೊಂದನ್ನೂ ಅವನೆದುರೇ ಅಳಿಸಿದೆ. ಅಂಥ ಫೋಟೋ ನನಗೆ ಇನ್ನು ಸಿಗುವುದಿಲ್ಲ. ಬೊಂಬೆ ಅಂದದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂದೆ.

"ಬೇಜಾರೇನಿಲ್ಲ ಆಂಟಿ," ಅಂದ. "ಆಫೀಸಲ್ಲೂ ಕ್ಲೈಂಟ್ ಬಂದಾಗ ನನ್ನನ್ನ ಮುಂದೆ ನಿಲ್ಸೋದು ಅದಕ್ಕೇನೇ."

ಗೋಡೆಯಿಲ್ಲದ ಗೇಟು

ಕೊನೆಗೊಂದು ಭಾನುವಾರ ಅಜ್ಜಿ ಬಾಯಿಬಿಟ್ಟೇ ಕೇಳಿದರು. "ಊರೆಲ್ಲ ಸುತ್ತೀಯ, ನನ್ ತಂಗಿ ಮನೆದೊಂದು ಪೋಟ ತಗಂಬಾ. ನಾನ್ ಕಳ್ಸಿದ್ದು ಅಂತ ಮಾತ್ರ ಉಸ್ರು ಬಿಡ್ಬ್ಯಾಡ."

ಹುಡುಕಿಕೊಂಡು ಹೋದರೆ ಅಲ್ಲಿತ್ತು ನನ್ನ ಜೀವಮಾನದ ಫೋಟೋ. ರಸ್ತೆ ಅಗಲ ಮಾಡುವಾಗ ಕಾಂಪೌಂಡ್ ಗೋಡೆ ಪೂರ್ತಿ ಹೋಗಿತ್ತು, ಗೇಟು ಮಾತ್ರ ಬಯಲಲ್ಲಿ ನಿಂತಿತ್ತು. ಅದಕ್ಕೆ ದೊಡ್ಡ ಬೀಗ. ನಾನು ಗೇಟಿನ ಪಕ್ಕದಲ್ಲೇ ಅಂಗಳಕ್ಕೆ ಹೋಗಿ, ಗೇಟೂ ಮನೆಯೂ ಒಟ್ಟಿಗೆ ಬರುವಂತೆ ಮೊಬೈಲ್ ಎತ್ತಿ ಒತ್ತುವಷ್ಟರಲ್ಲಿ ಮನೆಯೊಳಗಿಂದ ಅಜ್ಜಿಯದೇ ಮೂಗು, ಅಜ್ಜಿಯದೇ ನಡಿಗೆ ಹೊರಗೆ ಬಂತು.

"ಯಾರೇ ನೀನು? ಗೋಡೆ ತಗೊಂಡೋಗಾಯ್ತು, ಈಗ ಗೇಟ್ ಅಳ್ಯೋಕೆ ಬಂದ್ಯಾ?"

"ಇಲ್ಲಮ್ಮ, ಸುಮ್ನೆ ಫೋಟೋ..."

"ಸುಮ್ನೆ ಯಾವಳಾದ್ರೂ ಗೇಟ್ ಪೋಟ ತಗೀತಾಳಾ? ನಡಿ ಆಚ್ಗೆ!"

ಬಂದ ದಾರಿಯಲ್ಲೇ, ಅಂದರೆ ಗೇಟಿನ ಪಕ್ಕದಲ್ಲೇ ಹೊರಟೆ. ಅದಕ್ಕೆ ಅವರಿಗೆ ಇನ್ನೂ ಸಿಟ್ಟು ಬಂತು. "ಏಯ್, ನಿಂತ್ಕೋ! ಗೇಟ್ ಇರೋದ್ಯಾಕೆ?" ಅಂದರು. ಸೊಂಟದ ಬೀಗದ ಕೈ ತೆಗೆದು, ಬೀಗ ಬಿಚ್ಚಿ, ಗೇಟು ತೆರೆದು ನನ್ನನ್ನು ಮರ್ಯಾದೆಯಾಗಿ ಹೊರಗಟ್ಟಿ ಮತ್ತೆ ಬೀಗ ಹಾಕಿದರು. ನಿಮ್ಮ ಅಕ್ಕ ನೆನೆಸಿಕೊಳ್ಳುತ್ತಾರೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಾದೆ. ಅವತ್ತು ಹೇಳಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತೋ ಅಂತ ಈಗ ಅನ್ನಿಸುತ್ತದೆ.

ಅಜ್ಜಿ ಫೋಟೋದಲ್ಲಿ ಗೇಟನ್ನು ನೋಡಲೇ ಇಲ್ಲ. ಮೂಲೆಯಲ್ಲಿ ಕೈ ಎತ್ತಿಕೊಂಡು ಓಡಿ ಬರುತ್ತಿದ್ದ ತಂಗಿಯನ್ನೇ ನೋಡಿದರು. "ಸೊರಗವಳೆ" ಅಂತ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು: "ಬೈದ್ಲಾ?"

"ತುಂಬಾ ಬೈದ್ರು ಅಜ್ಜಿ."

"ಅಂಗಾದ್ರೆ ಉಸಾರಾಗವಳೆ ಬಿಡು."

ಬೀದಿಯ ಹಿರಿಯ ಜೀವ

ಇಷ್ಟು ದಿನ ಎಲ್ಲರ ಫೋಟೋ ನೋಡಿದ ಅಜ್ಜಿಯದೇ ಒಂದು ಒಳ್ಳೆಯ ಫೋಟೋ ತೆಗೆಯೋಣ ಅನ್ನಿಸಿತು. ಬೆಳಗಿನ ಎಳೆ ಬಿಸಿಲು, ತಲೆಯಲ್ಲಿ ಹೂವು, ಮುಖದಲ್ಲಿ ಶಾಂತಿ. ನಾನು ತೆಗೆದದ್ದರಲ್ಲೇ ಅದು ಚೆನ್ನಾಗಿ ಬಂತು. ಆ ಸಂಭ್ರಮದಲ್ಲಿ ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಳಗೆ "ನಮ್ಮ ಬೀದಿಯ ಹಿರಿಯ ಜೀವ" ಅಂತ ಬರೆದು ಕೈಮುಗಿಯುವ ಚಿತ್ರ ಒತ್ತಿದೆ. ಮೊಬೈಲನ್ನು ಚಾರ್ಜಿಗಿಟ್ಟು ತಲೆಗೆ ಎಣ್ಣೆ ಹಚ್ಚಿ, ಎರಡು ಗಂಟೆ ನೆನೆಯಲು ಬಿಟ್ಟು ಸ್ನಾನಕ್ಕೆ ಹೋದೆ.

ಬೆಳ್ಳಂಬೆಳಿಗ್ಗೆ ಮುದುಕಿಯೊಬ್ಬರ ಒಂಟಿ ಫೋಟೋ ಗ್ರೂಪಿಗೆ ಬಂದರೆ ಜನ ಏನು ತಿಳಿಯುತ್ತಾರೆ ಅನ್ನುವಷ್ಟು ಬುದ್ಧಿ ನನಗಿರಬೇಕಿತ್ತು.

ತಲೆ ಒರೆಸಿಕೊಂಡು ನೋಡಿದರೆ ಸಾಲು ಸಾಲು "ಓಂ ಶಾಂತಿ". ಮೂರನೇ ಮಹಡಿಯವರು "ಮೊನ್ನೆ ತಾನೇ ಬಾಡಿಗೆ ಜಾಸ್ತಿ ಮಾಡಿದ್ರು, ಪಾಪ" ಅಂತ ಕಣ್ಣೀರಿಟ್ಟಿದ್ದರು. ನಡುವೆ ಒಬ್ಬರು "ಇವತ್ತು ನೀರು ಬರುತ್ತಾ?" ಅಂತ ಕೇಳಿದ್ದರು. ಯಾರೋ ಪುಣ್ಯಾತ್ಮರು ಫೋಟೋಗೆ ಹೂವಿನ ಚೌಕಟ್ಟು ಹಾಕಿ, ದೀಪ ಹಚ್ಚಿ ನಾಲ್ಕೂರಿಗೆ ಕಳಿಸಿಯೂ ಆಗಿತ್ತು.

ಮೆಟ್ಟಿಲಿಳಿದು ಓಡಿದೆ. ಅಜ್ಜಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಟೋ ಬಂದು ನಿಂತಿತು. ಚಿಕ್ಕಬಾಣಾವರದ ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನನ್ ಬುಟ್ಬುಟ್ಟು ಓದ್ಯಲ್ಲಕ್ಕೋ!" ಅಂತ ರಾಗವಾಗಿ ಅಳುತ್ತ ಬಂದರು. ಅಳುವ ಭರದಲ್ಲಿ ಬಾಗಿಲಲ್ಲಿ ಯಾರು ಸಿಕ್ಕರೋ ಅವರನ್ನೇ ತಬ್ಬಿಕೊಂಡರು. ಸಿಕ್ಕಿದ್ದು ಅಜ್ಜಿ.

ತಂಗಿಯ ಮನೆಯಲ್ಲಿ ಯಾರೋ ತೀರಿಹೋಗಿದ್ದಾರೆ ಅಂದುಕೊಂಡು ಅಜ್ಜಿಯೂ ಗೋಳೋ ಅಂತ ಅತ್ತರು. ಬೆನ್ನು ಸವರಿದರು. "ಅಳ್ಬ್ಯಾಡ ಕಣೇ, ಸಮಾದಾನ ಮಾಡ್ಕೋ. ನಾನಿಲ್ವಾ?"

ತಂಗಿ ಸೆರಗು ಸರಿಸಿ ನೋಡಿದರು.

"ಬದ್ಕಿದ್ದೀಯಾ?"

"ಊಂ ಕಣೇ. ಬಾ ಒಳೀಕೆ. ಮುದ್ದೆ ಮಾಡೀನಿ, ಉಣ್ಣೀವಂತೆ."

ತಂಗಿಯ ಕಣ್ಣಲ್ಲಿ ಆಗಲೇ ಅರ್ಧ ನಗು ಬಂದಿತ್ತು. ಒಂದು ಕಾಲು ಹೊಸಿಲಿನ ಮೇಲಕ್ಕೆ ಎದ್ದಿತ್ತು. ಅಷ್ಟರಲ್ಲಿ ಒದ್ದೆ ತಲೆಯಲ್ಲಿ ಬೆಪ್ಪಾಗಿ ನಿಂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

"ಇವ್ಳು ಆ ಗೇಟಿನೋಳಲ್ವಾ? ಓಹೋ! ಮೊದ್ಲು ಇವ್ಳನ್ನ ಕಳ್ಸಿ ಮನೆ ನೋಡಿಸ್ದೆ, ಈಗ ಸತ್ತೆ ಅಂತ ಸುದ್ದಿ ಕಳಿಸ್ದೆ. ನಾಟ್ಕಾನಾ? ಸತ್ತಿದ್ರೆ ಮಾತಾಡ್ತಿದ್ದೆ, ಈಗ ಆಗಾಕಿಲ್ಲ!"

ಎತ್ತಿದ ಕಾಲು ಹಿಂದಕ್ಕೆ ಹೋಯಿತು. ಅದೇ ಆಟೋದಲ್ಲಿ ಹೊರಟೇಹೋದರು. ಎಲ್ಲ ತಪ್ಪೂ ನನ್ನದು ಅಂತ ನಾನು ಆಟೋ ಹಿಂದೆ ಬೀದಿಯ ತುದಿಯವರೆಗೂ ಕೂಗಿಕೊಂಡು ಓಡಿದೆ. ಅವರು ತಿರುಗಿ ನೋಡಲಿಲ್ಲ. ನಾನು ಇನ್ನೆರಡು ನಿಮಿಷ ಮಹಡಿಯ ಮೇಲೇ ಇದ್ದಿದ್ದರೆ ಅಕ್ಕತಂಗಿ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ವಾಪಸು ಬಂದು ಅಜ್ಜಿಯ ಪಕ್ಕ ಕೂತು, ತಪ್ಪಾಯ್ತು ಅಜ್ಜಿ ಅಂತ ಅತ್ತುಬಿಟ್ಟೆ.

ಅಜ್ಜಿ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ದನಿ ತಗ್ಗಿಸಿ ಹೇಳಿದರು.

"ಅಳ್ಬ್ಯಾಡ ಕಣವ್ವ. ವಸಿ ದಿನ ಬುಟ್ಟು ಇನ್ನೊಂದ್ಸಲ ಪೋಟ ಆಕು. ಈ ಸಲ ನಾನ್ ಬಾಗ್ಲಲ್ಲಿ ಕೂರಾಕಿಲ್ಲ, ಒಳಗಡೆ ಮಲ್ಕೊಂಡಿರ್ತೀನಿ. ಅವ್ಳು ಅತ್ಕೊಂಡು ಒಳೀಕ್ ಬಂದೇಟ್ಗೆ ನೀನು ಆಚೆಯಿಂದ ಚಿಲ್ಕ ಆಕ್ಬುಡು."