ಉಪ್ಪಿನ ಡಬ್ಬಿಗೆ ಸೇರಿದ ಸಕ್ಕರೆ

ನನ್ನ ಹೆಂಡತಿಗೆ ನಾನು ಒಂದು ಡಬ್ಬಿ ಸಕ್ಕರೆ ಬಾಕಿ ಕೊಡಬೇಕಿದೆ. ಇನ್ನೂ ತೀರಿಸಿಲ್ಲ. ಕಾರ್ಮಿಕರ ಸಂಬಳದ ಬಾಕಿ ವಸೂಲಿಗೆಂದು ಕಾರ್ಖಾನೆ ಗೇಟಿನ ಮುಂದೆ ಕೂಗಿ ಕೂಗಿ ಗಂಟಲು ಹರಿದುಕೊಂಡ ಯೂನಿಯನ್ ಮುಖಂಡ ನಾನು.

ಮಗಳು ರಸಾಯನಶಾಸ್ತ್ರದಲ್ಲಿ ಫೇಲಾಗಿದ್ದಳು. ಮರುಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಅದೂ ಕೈಕೊಟ್ಟರೆ ಇನ್ನೊಂದು ವರ್ಷ ಅದೇ ಬೆಂಚು. ಶುದ್ಧ ವಸ್ತು, ಮಿಶ್ರಣ ಎಂಬ ಪಾಠ ಅವಳ ತಲೆಗೆ ಹತ್ತುತ್ತಿರಲಿಲ್ಲ.

“ತಾ ಇಲ್ಲಿ ಪುಸ್ತಕ,” ಎಂದೆ. (ಲಾಠಿಗೆ ಹೆದರದವನು ಪಠ್ಯಪುಸ್ತಕಕ್ಕೆ ಹೆದರುತ್ತೇನೆಯೇ?) “ಬರೀ ಉಪ್ಪು ಶುದ್ಧ ವಸ್ತು. ಬರೀ ಸಕ್ಕರೆನೂ ಅಷ್ಟೇ. ಸೇರಿಸಿದ್ರೆ ಮಿಶ್ರಣ. ನಮ್ಮ ಜಂಟಿ ಹೋರಾಟ ಸಮಿತಿ ಇದ್ದ ಹಾಗೆ. ಒಂದೇ ಬ್ಯಾನರ್ ಹಿಡಿದ್ರೂ ಯಾರೂ ತಮ್ಮ ಗುಣ ಬಿಡಲ್ಲ.”

“ಬೇರೆ ಮಾಡೋದು ಹೇಗಪ್ಪಾ?”

“ನೀರಿಗೆ ಹಾಕು. ಒಂದು ಕರಗುತ್ತೆ, ಇನ್ನೊಂದು ತಳದಲ್ಲಿ ಕೂರುತ್ತೆ. ಸೋಸು. ಮುಗೀತು.”

ಪುಸ್ತಕದಲ್ಲಿದ್ದದ್ದು ಉಪ್ಪು ಮತ್ತು ಮರಳು. ಮನೆಯಲ್ಲಿ ಮರಳಿರಲಿಲ್ಲ. ಇದ್ದದ್ದರಲ್ಲೇ ಚಳವಳಿ ನಡೆಸಿ ಅಭ್ಯಾಸವಾದವನು, ಸಕ್ಕರೆಯನ್ನೆಲ್ಲ ಉಪ್ಪಿನ ಡಬ್ಬಿಗೆ ಸುರಿದು ಕಲಸಿದೆ. ಒಂದು ಹಿಡಿ ತೆಗೆದು ನೀರಿಗೆ ಹಾಕಿದ್ದೇ ತಡ, ಎರಡೂ ಕರಗಿಹೋದವು. ಅಂಥ ಒಗ್ಗಟ್ಟನ್ನು ನಮ್ಮ ಸಮಿತಿಯಲ್ಲಿ ನಾನೆಂದೂ ಕಂಡವನಲ್ಲ. ಕುದಿಸಿದೆ. ತಳ ಹಿಡಿದು ಕರ್ರಗಾಯಿತು.

ಪಾಳಿ ಮುಗಿಸಿ ಬಂದ ಹೆಂಡತಿ ಪಾತ್ರೆ ನೋಡಿದಳು, ಡಬ್ಬಿಗೆ ಬೆರಳದ್ದಿ ನೆಕ್ಕಿದಳು, ಆಮೇಲೆ ನನ್ನನ್ನು ನೋಡಿದಳು.

“ಏನ್ರೀ ಈ ಘನಕಾರ್ಯ?”

“ಪ್ರಯೋಗ ಕಣೇ. ಅಂಗಡಿಯಿಂದ ಬೇರೆ ಸಕ್ಕರೆ ತರ್ತೀನಿ ಬಿಡು.”

“ಅಂಗಡಿದು ಯಾರಿಗೆ ಬೇಕು? ನನ್ನ ಸಕ್ಕರೆನೇ ವಾಪಸ್ ಕೊಡಿ. ಅಲ್ಲೀವರೆಗೂ ನಿಮ್ಮ ಚಹಾಕ್ಕೆ ಇದೇ ಡಬ್ಬಿ.”

ಅಡುಗೆಮನೆ ಬಾಗಿಲಲ್ಲೇ ಧರಣಿ ಕೂತೆ. ಅವಳು ನನ್ನನ್ನು ದಾಟಿಕೊಂಡೇ ಓಡಾಡಿ ಅಡುಗೆ ಮುಗಿಸಿದಳು. ಮಾತುಕತೆಗೂ ಕರೆಯದ ಇಂಥ ಆಡಳಿತ ವರ್ಗವನ್ನು ಯಾವ ಗೇಟಿನಲ್ಲೂ ಎದುರಿಸಿರಲಿಲ್ಲ.

ಮಾರನೇ ದಿನ ಮಗಳು ಪರೀಕ್ಷೆ ಬರೆದು ಕುಣಿಯುತ್ತಾ ಬಂದಳು. “ಅಪ್ಪಾ, ನೀರು ಹಾಕಿ ಸೋಸಿದ್ರೂ ಬೇರೆಯಾಗದ ಮಿಶ್ರಣ ಯಾವುದು ಅಂತ ಕೇಳಿದ್ರು! ಉಪ್ಪು-ಸಕ್ಕರೆ, ಎರಡೂ ಕರಗುತ್ತೆ ಅಂತ ಬರೆದೆ. ಪಾಸು ಗ್ಯಾರಂಟಿ!”

“ನೋಡಿದ್ಯೇನೇ, ನನ್ನ ಪಾಠದ ಫಲ!” ಎಂದು ಹೆಂಡತಿಯ ಕಡೆ ತಿರುಗಿದೆ.

“ನಿಮ್ಮ ಪಾಠನಾ?” ಮಗಳು ನಕ್ಕಳು. “ನೀವು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಬರೆದೆನಪ್ಪಾ.”

ಹೆಂಡತಿ ನನ್ನ ಚಹಾಕ್ಕೆ ಆ ಡಬ್ಬಿಯಿಂದ ಇನ್ನೊಂದು ಚಮಚ ಹಾಕಿದಳು.

ಡಬ್ಬಿ ಇನ್ನೂ ಅರ್ಧ ತುಂಬಿದೆ. ಓದುವವರೇ, ನಕ್ಕಿದ್ದು ಸಾಕು. ವಿದ್ಯೆ ಇದ್ದರೆ ಬಂದು ಇದನ್ನು ಬೇರೆ ಮಾಡಿಕೊಡಿ. ಇಲ್ಲವೇ ಲೋಟ ಹಿಡಿದು ಬನ್ನಿ, ನನ್ನ ಪಕ್ಕ ಕೂತು ಈ ಚಹಾದಲ್ಲಿ ಅರ್ಧ ಕುಡಿಯಿರಿ.