ಅಕ್ಷತೆ ಕೊಟ್ಟು ಬಸ್ಸು ತುಂಬಿಸಿದ್ದು

ನಮ್ಮ ಊರಿಗೆ ಬಸ್ಸು ತಂದವನು ನಾನು. ಇದನ್ನು ನಾನಾಗಿಯೇ ಹೇಳಿಕೊಳ್ಳಬಾರದು, ನಿಜ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ!

ಶಿರೂರಿನಿಂದ ಒಳಗೆ, ಹೊಲಗಳ ನಡುವೆ ಇರುವ ಊರು ನಮ್ಮದು. ಆ ದಾರಿಗೆ ಬಸ್ಸು ಬಿಟ್ಟರೆ ನಷ್ಟ ಎಂದು ಸಾರಿಗೆಯವರು ಬಹಳ ದಿನ ತಲೆ ಅಲ್ಲಾಡಿಸಿದ್ದರು. ಗ್ರಾಮ ಪಂಚಾಯಿತಿಯ ಸದಸ್ಯನಾದ ನಾನು, ಅಂದರೆ ಮಾಳಪ್ಪ, ಸಭೆಯಲ್ಲಿ ಎದ್ದು ನಿಂತು, "ನಷ್ಟದಾಗ ಒಂದು ಪಾಲು ಪಂಚಾಯಿತಿ ತುಂಬಿಕೊಡ್ಲಿ, ಬಸ್ ಬರ್ಲಿ!" ಎಂದು ಮೇಜು ಗುದ್ದಿದೆ. ಮೇಜಿನ ಕಾಲು ಮುರಿಯಿತು, ಬಸ್ಸು ಬಂತು. ಅಂದಿನಿಂದ ದಿನವೂ ಮುಂಜಾನೆ ಬಾಗಲಕೋಟೆಗೆ ಹೋಗುವ ಆ ಬಸ್ಸನ್ನು ಕೈ ಹಿಂದೆ ಕಟ್ಟಿಕೊಂಡು ನಿಂತು ಬೀಳ್ಕೊಡುವುದು ನನ್ನ ಕೆಲಸವಾಯಿತು. ಡ್ರೈವರ್ ಎಮ್ಮೆಗೆ ಹಾರ್ನ್ ಹೊಡೆದರೂ ನಾನು ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದೆ.

ಹೀಗಿರುವಾಗ ಸುದ್ದಿ ಬಂತು. ಪಂಚಾಯಿತಿಯ ದುಡ್ಡು ಸಾರ್ಥಕವಾಗುತ್ತಿದೆಯೋ ಇಲ್ಲವೋ ಎಂದು ನೋಡಲು ಸಾಹೇಬರೊಬ್ಬರು ಮರುದಿನವೇ ಬಸ್ಸಿನಲ್ಲಿ ಕೂತು ಪರಿಶೀಲನೆ ಮಾಡುತ್ತಾರಂತೆ. ಜನ ಇಲ್ಲದಿದ್ದರೆ ಬಸ್ಸು ಬಂದ್!

ಇದನ್ನು ಕೇಳಿದ ನನ್ನ ಅಣ್ಣ ಸಿದ್ದಪ್ಪ ತೀರ್ಪು ಕೊಟ್ಟುಬಿಟ್ಟ. ಅವನ ಮನೆ ಊರಾಚೆಯ ಕ್ರಾಸಿನ ಹತ್ತಿರ, ಹೊಲದಲ್ಲಿದೆ. ಮಗಳು ರೇಣುಕಾ ಬಾಗಲಕೋಟೆಯ ಕಾಲೇಜಿಗೆ ಹೋಗುತ್ತಾಳೆ.

"ಬಸ್ ಇದ್ರ ಕಾಲೇಜು. ಬಸ್ ನಿಂತ್ರ ಮದವಿ. ಒಂದ ಕಡೆ ಮಾತಾಡೇನಿ" ಎಂದ.

ರೇಣುಕಾ ನನ್ನ ಕೈ ಹಿಡಿದುಕೊಂಡು, "ಕಾಕಾ, ಹೆಂಗರ ಮಾಡಿ ಬಸ್ ಉಳಸು" ಎಂದಳು. ಕಣ್ಣಲ್ಲಿ ನೀರಿತ್ತು.

"ನಿಮ್ಮ ಕಾಕಾ ಇರೂತನಕ ಯಾವ ಸಾಹೇಬಾ ಏನ ಮಾಡ್ತಾನ? ನಾಳಿ ಬಸ್ ತುಂಬಿಸಿ ತೋರಸ್ತೇನಿ!" ಎಂದು ಮೀಸೆ ತಿರುವಿದೆ.

ಡಂಗುರ ಸಾರಿಸಬಹುದಿತ್ತು. ಆದರೆ ಡಂಗುರಕ್ಕೆ ನಮ್ಮೂರಿನ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಗೌರವದಿಂದ ಕರೆಯಬೇಕು. ಸಂಜೆ ಹೊಸ ರುಮಾಲು ಸುತ್ತಿ, ಬಟ್ಟಲಲ್ಲಿ ಕುಂಕುಮ, ಅಕ್ಷತೆ ಹಿಡಿದು ಹೊರಟೆ. ಹೆಂಡತಿ ನೀಲವ್ವ ಅಡ್ಡ ಬಂದಳು.

"ಬಸ್ ಹತ್ರಿ ಅಂತ ಹೇಳಾಕ ಅಕ್ಷತಿ ಯಾಕ್ರಿ? ಬಾಯಿಲೆ ಹೇಳಿದ್ರ ಸಾಲೂದಿಲ್ಲೇನ?"

"ನಿನಗ ತಿಳಿಯೂದಿಲ್ಲ. ಇದು ಸರ್ಕಾರಿ ಕೆಲಸ, ಮರ್ಯಾದಿಲೆ ಕರೀಬೇಕು."

ಮನೆಮನೆಗೂ ಹೋಗಿ ಅಕ್ಷತೆ ಕೊಟ್ಟು, "ನಾಳಿ ಮುಂಜಾನಿ ಮನಿಮಂದಿ ಎಲ್ಲಾ ತಪ್ಪದ ಬಸ್ಸಿಗೆ ಬರ್ರಿ, ನನ್ನ ಮರ್ಯಾದಿ ಉಳಸ್ರಿ" ಎಂದು ಕೈ ಮುಗಿದೆ. ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಎಂಥ ಸಹಕಾರ! ನನ್ನ ಕಣ್ಣು ತುಂಬಿ ಬಂತು.

ಮರುದಿನ ಮುಂಜಾನೆ ಬಸ್ ನಿಲ್ದಾಣ ನೋಡಬೇಕಿತ್ತು! ಹೆಂಗಸರು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಬಂದಿದ್ದರು. ಗಂಡಸರ ತಲೆಯ ಪಟಕಾ ಬೆಳ್ಳಗೆ ಹೊಳೆಯುತ್ತಿತ್ತು. ನಡೆಯಲಾರದ ಮುದುಕಿ ಹನಮವ್ವಾಯಿಯನ್ನು ಮೊಮ್ಮಕ್ಕಳು ಹೊತ್ತು ತಂದಿದ್ದರು. ಅಣ್ಣ ಸಿದ್ದಪ್ಪನೂ ನನ್ನ ಅಕ್ಷತೆಗೆ ಓಗೊಟ್ಟು ಹೊಲದ ಮನೆಯಿಂದ ಊರಿಗೇ ನಡೆದು ಬಂದಿದ್ದ. ಸಾಹೇಬರು ಬಂದು ಮುಂದಿನ ಸೀಟಿನಲ್ಲಿ ಕೂತರು. ಉಳಿದವರು ನುಗ್ಗಿದರು. ಬಸ್ಸು ಒಂದು ಬದಿಗೆ ವಾಲಿಕೊಂಡೇ ಹೊರಟಿತು. ನಾನು ಬಾಗಿಲಲ್ಲಿ ಜೋತುಬಿದ್ದು, "ನೋಡ್ರಿ ಸಾಹೇಬ್ರ, ದಿನಾ ಹಿಂಗ!" ಎಂದೆ.

ಕಂಡಕ್ಟರ್ ಹನಮವ್ವಾಯಿಯನ್ನು ಕೇಳಿದ, "ಆಯಿ, ಎಲ್ಲಿಗೆ?"

"ಊಟದ ಮನಿಗೆ."

ಟಿಕೆಟ್ ಯಂತ್ರದಲ್ಲಿ ಆ ಹೆಸರಿನ ನಿಲ್ದಾಣ ಇರಲಿಲ್ಲ! ಅವನು ಪಕ್ಕದವರನ್ನು ಕೇಳಿದ. ಅವರೂ ಊಟದ ಮನೆಗೇ. ಹಿಂದಿನ ಸೀಟಿನವರೂ ಊಟದ ಮನೆಗೇ. ಸಾಹೇಬರು ನಿಧಾನವಾಗಿ ತಿರುಗಿ ನೋಡಿದರು.

"ಯಾರ ಮನಿ ಊಟ, ಆಯಿ?"

"ಈ ಮಾಳಪ್ಪಂದರಿ. ಅಕ್ಷತಿ ಕೊಟ್ಟು ಕರದಾನ. ಬೀಗರ ಊರು ಯಾವುದು ಅಂತ ಮಾತ್ರ ಹೇಳಿಲ್ಲ" ಎಂದಳು ಹನಮವ್ವಾಯಿ. ಅಷ್ಟಕ್ಕೇ ಸುಮ್ಮನಾಗದೆ, ಅಚ್ಚುಕಟ್ಟಾಗಿ ಷರ್ಟು ತೊಟ್ಟ ಸಾಹೇಬರೇ ವರನ ಕಡೆಯ ಹಿರಿಯರು ಎಂದು ತಿಳಿದು, ಮದುವೆಯ ಆಯೇರಿ ಮಾಡಲು ಉಡುಗೊರೆಯಾಗಿ ತಂದಿದ್ದ ಟವೆಲನ್ನು ಅವರ ಹೆಗಲಿಗೆ ಹಾಕಿಬಿಟ್ಟಳು!

ನಾನು ಬಾಗಿಲಲ್ಲೇ ಬೆವರಿದೆ. ಒಳಗೆ ನುಸುಳಿ ಮರೆಯಾಗೋಣವೆಂದರೆ ಕಾಲಿಡಲು ಜಾಗವಿದ್ದದ್ದು ಒಂದೇ ಕಡೆ, ಅಲ್ಲಿ ಬೇರೆಯವರ ಕಾಲಿತ್ತು.

ಅಷ್ಟರಲ್ಲಿ ಕ್ರಾಸು ಬಂತು. ಕಾಲೇಜಿನ ಹುಡುಗಿಯರು ಬ್ಯಾಗು ಹೊತ್ತು ಕೈ ಮಾಡುತ್ತಿದ್ದರು. ಡ್ರೈವರ್ ಒಳಗೆ ನೋಡಿದ. ಒಂದು ಪುಸ್ತಕ ಹಿಡಿಸುವಷ್ಟೂ ಜಾಗವಿರಲಿಲ್ಲ. ಬಸ್ಸು ಮುಂದೆ ಹೋಯಿತು. ರೇಣುಕಾ ಬಸ್ಸಿನ ಹಿಂದೆ ಓಡಿಬರುವುದು ಕಾಣಿಸಿತು.

"ನಿಲ್ಲಸ್ರಿ!" ಎಂದರು ಸಾಹೇಬರು.

ರೇಣುಕಾ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಎದುರಿಗೆ ನಾನೇ.

"ಕಾಕಾ! ಇವತ್ತ ನನಗ ಪರೀಕ್ಷಾ ಐತಿ! ಇದೇನ ಮಾಡೀದಿ?"

ಸಾಹೇಬರು ಕಿಟಕಿಯಿಂದ ತಲೆ ಹಾಕಿ, "ನೀವು ದಿನಾ ಈ ಬಸ್ಸಿಗೆ ಬರ್ತೀರೇನವಾ?" ಎಂದು ಕೇಳಿದರು.

"ದಿನಾ ಬರ್ತೇವ್ರಿ. ಈ ಮಂದಿನ್ನ ಇವತ್ತ ಮೊದಲ ನೋಡಾಕತ್ತೇವಿ!"

ಭೂಮಿ ಬಾಯಿ ಬಿಡಲಿಲ್ಲ. ರೇಣುಕಾ ನಿಲ್ಲಿಸಲೂ ಇಲ್ಲ. "ಸಾಹೇಬ್ರ, ನಾವು ಇಷ್ಟ ಮಂದಿ ಅದೇವಿ, ಖರೆ. ಬಸ್ ತುಂಬೂದಿಲ್ಲ. ಆದ್ರ ಈ ಬಸ್ ನಿಂತ್ರ ನಾವು ಇಷ್ಟೂ ಮಂದಿ ಮನ್ಯಾಗ ಕುಂಡ್ರತೇವಿ. ನನ್ನ ಮದವಿ ಮಾಡ್ತಾರ" ಎಂದಳು. ದನಿ ನಡುಗಿತು, ಮಾತು ನಡುಗಲಿಲ್ಲ. ಬಸ್ಸಿನೊಳಗೆ ಪಟಕಾ ಸುತ್ತಿಕೊಂಡು ನಿಂತಿದ್ದ ಅವಳಪ್ಪ ಸಿದ್ದಪ್ಪ ತಲೆ ತಗ್ಗಿಸಿದ. ನನಗೆ ಮಾತ್ರ, ಆ ಅವಮಾನದ ನಡುವೆಯೂ, ಎದೆ ಉಬ್ಬಿತು. ನಮ್ಮ ಮನೆತನದ ಹುಡುಗಿ!

ಸಾಹೇಬರು ಟವೆಲ್ ಸರಿಮಾಡಿಕೊಂಡು ಎದ್ದು ನಿಂತರು. "ಊಟಕ್ಕ ಹೊಂಟವರೆಲ್ಲಾ ಇಳೀರಿ. ಓದಾಕ ಹೊಂಟವರು ಹತ್ತರಿ."

ಎಲ್ಲರಿಗಿಂತ ಮೊದಲು ಇಳಿದವನು ಸಿದ್ದಪ್ಪ. ಮಗಳ ಬ್ಯಾಗನ್ನು ತಾನೇ ಎತ್ತಿ ಒಳಗಿಟ್ಟ. ಜನರೆಲ್ಲ ಇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಸದಸ್ಯರ, ನಿಮಗ ಬ್ಯಾರೆ ಹೇಳಬೇಕೇನ್ರಿ?"

ಇಳಿದೆ.

ಬಸ್ಸು ಹೋಯಿತು. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಇಡೀ ಊರು ನನ್ನ ಮುಖ ನೋಡಿತು. ಅಕ್ಷತೆ ಕೊಟ್ಟ ಮೇಲೆ ಊಟ ಹಾಕದೆ ಕಳಿಸಿದರೆ ಮುಂದೆ ನಮ್ಮ ಮನೆಯ ಶುಭಕಾರ್ಯಕ್ಕೆ ಒಂದು ನಾಯಿಯೂ ಬರುವುದಿಲ್ಲ. ಮೆರವಣಿಗೆ ನಮ್ಮ ಮನೆಗೆ ಹೊರಟಿತು. ನೀಲವ್ವ ಅಂಗಳದಲ್ಲೇ ನಿಂತಿದ್ದಳು.

"ಬಸ್ ತುಂಬಿತೇನ್ರಿ?"

"ತುಂಬಿತ್ತು. ಈಗ ಖಾಲಿ ಆತು. ಗೋದಿ ಅದಾವೇನ ಮನ್ಯಾಗ?"

ಅಂದು ಸಂಜೆಯ ತನಕ ಗೋಧಿ ಹುಗ್ಗಿ ತಿರುವಿದವನು ನಾನೇ. ನೀಲವ್ವ ಸೌಟು ಕೊಟ್ಟು ಹೊರಗೆ ಹೋಗಿ ಕೂತಿದ್ದಳು.

ಕೆಲವು ದಿನಗಳ ನಂತರ ಪಂಚಾಯಿತಿಯ ಸಭೆಯಲ್ಲಿ ಸಾಹೇಬರ ವರದಿ ಓದಿದರು. ಬಸ್ಸು ಮುಂದುವರಿಯಲಿ, ಪಂಚಾಯಿತಿಯ ಪಾಲೂ ಮುಂದುವರಿಯಲಿ, ಕ್ರಾಸಿನ ವಿದ್ಯಾರ್ಥಿನಿಯರೇ ಇದಕ್ಕೆ ಸಾಕಾದ ಕಾರಣ ಎಂದಿತ್ತು. ಸಿದ್ದಪ್ಪ ಬಾಗಿಲ ಬಳಿ ನಿಂತು, "ರೇಣುಕಾಗ ನೋಡಿದ್ದ ಆ ವರನ ಕಡೆಯವ್ರಿಗೆ ಈಗ ಬ್ಯಾಡ ಅಂತ ಹೇಳೇನಿ" ಎಂದ. ನಾನು ಮತ್ತೆ ಮೇಜು ಗುದ್ದಲು ಕೈ ಎತ್ತಿದೆ. ಪಕ್ಕದವರು ಹಿಡಿದುಕೊಂಡರು.

ವರದಿಯ ಕೊನೆಗೆ ಒಂದು ಷರತ್ತಿತ್ತು. ಮುಂದಿನ ಪರಿಶೀಲನೆಯ ದಿನ ಸದಸ್ಯ ಮಾಳಪ್ಪನವರು ಬಸ್ಸಿನ ಸಮೀಪ ಸುಳಿಯತಕ್ಕದ್ದಲ್ಲ.

"ಒಪ್ಪಿಗೆ ಇದ್ದವರು ಕೈ ಎತ್ರಿ" ಎಂದರು ಅಧ್ಯಕ್ಷೆ.

ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ. ಬಸ್ಸು ಉಳಿಯಬೇಕಲ್ಲ!